ಅರವತ್ತನಾಲ್ಕು ಎರಡುಗಳು, ಅದರಲ್ಲೊಂದು ಕಡಿಮೆ

ಒಂದು, ಎಂಟು, ನಾಲ್ಕು, ನಾಲ್ಕು, ಆರು, ಏಳು, ನಾಲ್ಕು, ನಾಲ್ಕು, ಸೊನ್ನೆ, ಏಳು, ಮೂರು, ಏಳು, ಸೊನ್ನೆ, ಒಂಬತ್ತು, ಐದು, ಐದು, ಒಂದು, ಆರು, ಒಂದು, ಐದು. ಸಾವಿರ ವರ್ಷದ ಹಿಂದಿನ ಪ್ರಾಕೃತ ಗಾಥೆಯೊಂದು ಹೇಳುವುದು ಇಷ್ಟೇ. ಸ್ತುತಿಯಿಲ್ಲ, ಉಪಮೆಯಿಲ್ಲ, ನೀತಿಬೋಧೆಯಿಲ್ಲ. ಇಪ್ಪತ್ತು ಅಂಕಿಗಳನ್ನು ಛಂದಸ್ಸಿಗೆ ಹೊಂದುವಂತೆ ಸಾಲಾಗಿ ಪೋಣಿಸಿಟ್ಟಿದೆ. ಕೂಡಿಸಿ ಬರೆದರೆ 18446744073709551615. ನಮ್ಮ ಕೋಟಿಯ ಲೆಕ್ಕದಲ್ಲಿ ಓದಬೇಕೆಂದರೆ 1,84,467 ಕೋಟಿ ಕೋಟಿ, 44,07,370 ಕೋಟಿ, 95 ಲಕ್ಷದ 51 ಸಾವಿರದ 615.

ಈ ಗಾಥೆ ಇರುವುದು 'ಗೊಮ್ಮಟಸಾರ'ದ ಜೀವಕಾಂಡದಲ್ಲಿ. ಬರೆದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ. ಯಾರಿಗಾಗಿ ಬರೆದರೋ ಅವನ ಹೆಸರು ಕನ್ನಡಿಗರಿಗೆಲ್ಲ ಗೊತ್ತು: ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ, 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದ ಚಾವುಂಡರಾಯ. ಅವನು ಗಂಗರ ಮಂತ್ರಿ. ಗಂಗ ಅರಸರು ತಮ್ಮ ಶಾಸನಗಳಲ್ಲಿ ತಪ್ಪದೆ ಹೇಳಿಕೊಳ್ಳುವ ಬಿರುದು 'ನಂದಗಿರಿನಾಥ'. ಆ ನಂದಗಿರಿ ಬೇರೆ ಯಾವುದೂ ಅಲ್ಲ, ಇಂದು ಭಾನುವಾರ ಬಂತೆಂದರೆ ಬೆಂಗಳೂರಿನ ಬೈಕುಗಳೆಲ್ಲ ಮುಗಿಬೀಳುವ ಚಿಕ್ಕಬಳ್ಳಾಪುರದ ನಂದಿಬೆಟ್ಟ. ಚಾವುಂಡರಾಯನ ಹೊತ್ತಿಗೆ ಗಂಗರ ರಾಜಧಾನಿ ಕೋಲಾರ ಬಿಟ್ಟು ತಲಕಾಡು ಸೇರಿ ಎಷ್ಟೋ ಕಾಲವಾಗಿತ್ತು. ಬಿರುದು ಮಾತ್ರ ಬೆಟ್ಟವನ್ನು ಬಿಟ್ಟಿರಲಿಲ್ಲ. ನಂದಿಯ ಗೋಪಿನಾಥ ಗುಡ್ಡದಲ್ಲಿ ಜೈನ ಚೈತ್ಯಾಲಯವನ್ನು ಹೊಗಳುವ ಹಳೆಯ ಶಾಸನವೂ ಇದೆ. ಭೋಗನಂದೀಶ್ವರನ ನೆರೆಯಲ್ಲಿ ಅರ್ಹಂತನಿಗೂ ಜಾಗವಿದ್ದ ಕಾಲವದು.

ಜೈನರಿಗೆ ಇಷ್ಟು ದೊಡ್ಡ ಸಂಖ್ಯೆ ಏಕೆ ಬೇಕಾಯಿತು? ಶಾಸ್ತ್ರವೆಲ್ಲ ಅಕ್ಷರಗಳಿಂದ ಆದದ್ದು. ಹಾಗಾದರೆ ಅಕ್ಷರಗಳಿಂದ ಆಗಬಹುದಾದ ಸಂಯೋಗಗಳು ಒಟ್ಟು ಎಷ್ಟು, ಇದು ಅವರ ಪ್ರಶ್ನೆ. ಮೂಲಾಕ್ಷರ 64 ಎಂದು ಅವರ ಎಣಿಕೆ. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರು ರೂಪ, ಒಟ್ಟು 27. ವ್ಯಂಜನ 33. ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ ಎಂಬ ನಾಲ್ಕು. ಈ 64ರಲ್ಲಿ ಒಂದೊಂದೇ ಅಕ್ಷರ ತೆಗೆದುಕೊಂಡರೆ 64 ಬಗೆ. ಎರಡೆರಡು ಕೂಡಿಸಿದರೆ 2,016. ಮೂರು ಮೂರು ಕೂಡಿಸಿದರೆ 41,664. ನಾಲ್ಕಾದರೆ 6,35,376. ಹೀಗೆ ಏರುತ್ತ ಏರುತ್ತ ನಡುವೆ, ಅಂದರೆ 32 ಅಕ್ಷರಗಳನ್ನು ಆರಿಸುವಲ್ಲಿ, 1832624140942590534 ಎಂಬ ಶಿಖರ ಮುಟ್ಟಿ, ಬಂದ ಮೆಟ್ಟಿಲುಗಳನ್ನೇ ಇಳಿದು, ಕೊನೆಗೆ ಅರವತ್ತನಾಲ್ಕನ್ನೂ ಒಟ್ಟಿಗೆ ತೆಗೆದುಕೊಳ್ಳುವ ಒಂದೇ ಒಂದು ಬಗೆಗೆ ಬಂದು ನಿಲ್ಲುತ್ತದೆ.

ಒಂದೊಂದು ಮೆಟ್ಟಿಲಿನ ಲೆಕ್ಕಕ್ಕೂ ಸೂತ್ರ ಆಗಲೇ ಕೈಯಲ್ಲಿತ್ತು. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಷ್ಟರಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದ. (152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ ಎಂಬಂಥ ಹಾರದ ಸಂಖ್ಯೆಗಳನ್ನು ಕಟ್ಟಿ ಕೊರಳಿಗೆ ಹಾಕಿಕೊಂಡವನೂ ಇವನೇ. ಈ ಪುಸ್ತಕವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಬೀದಿಯಲ್ಲಿ ತೆಲುಗು, ಬರಹದಲ್ಲಿ ಕನ್ನಡ ಎನ್ನುವ ಚಿಂತಾಮಣಿ, ಬಾಗೇಪಲ್ಲಿಯ ಕಡೆಯವರು ಎರಡೂ ಭಾಷೆಗಳ ಗಣಿತಕ್ಕೆ ವಾರಸುದಾರರು.) ಆದರೆ 64 ಮೆಟ್ಟಿಲನ್ನು ಬೇರೆ ಬೇರೆ ಎಣಿಸಿ ಕೂಡುವವರು ಯಾರು? ಗೊಮ್ಮಟಸಾರದ ದಾರಿ ಚಿಕ್ಕದು. 64ನ್ನು ಒಂದೊಂದಾಗಿ ಹರಡು. ಒಂದೊಂದರ ತಲೆಯ ಮೇಲೂ ಎರಡನ್ನು ಇಡು. ಎಲ್ಲ ಎರಡುಗಳನ್ನೂ ಒಂದಕ್ಕೊಂದು ಗುಣಿಸು. ಬಂದದ್ದರಲ್ಲಿ ಒಂದನ್ನು ಕಳೆ.

ಏಕೆ ಎರಡು? ಪ್ರತಿ ಅಕ್ಷರಕ್ಕೂ ಎರಡೇ ಪಾಡು: ಸಂಯೋಗದೊಳಗೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ಅರವತ್ತನಾಲ್ಕು ಸಲ ಈ ಇದೆ-ಇಲ್ಲದ ತೀರ್ಮಾನವಾದರೆ ಒಂದು ಸಂಯೋಗ ಸಿದ್ಧ. ಎಲ್ಲಕ್ಕೂ 'ಇಲ್ಲ' ಎಂದರೆ ಕೈಯಲ್ಲಿ ಏನೂ ಉಳಿಯದು. ಆ ಖಾಲಿ ಸಂಯೋಗವನ್ನು ಅಕ್ಷರವೆನ್ನಲಾಗದು, ಹಾಗಾಗಿ ಅದೊಂದನ್ನು ಕಳೆದರು. ಇಷ್ಟು ದೊಡ್ಡ ಮೊತ್ತದಲ್ಲಿ ಒಂದು ಹೋದರೆಷ್ಟು ಬಂದರೆಷ್ಟು ಎನ್ನದೆ ಆ ಒಂದನ್ನು ನೆನಪಿಟ್ಟು ಕಳೆದ ಶಿಸ್ತು ನನಗೆ ಸಂಖ್ಯೆಯ ಗಾತ್ರಕ್ಕಿಂತ ಹೆಚ್ಚು ಹಿಡಿಸುತ್ತದೆ. ಮುಂದೆ ನೋಡುವಂತೆ, ಈ ಸಂಖ್ಯೆಯ ಸೊಗಸೆಲ್ಲ ಇರುವುದು ಆ ಕಳೆದ ಒಂದರಲ್ಲೇ.

ಗುಣಾಕಾರ ಅಂದುಕೊಂಡಷ್ಟು ಉದ್ದವೂ ಅಲ್ಲ. 64 ಸಲ ಗುಣಿಸಬೇಕಿಲ್ಲ, ಆರು ಸಲ ವರ್ಗ ಮಾಡಿದರೆ ಸಾಕು. 2ರ ವರ್ಗ 4, ಅದರ ವರ್ಗ 16, ಅದರದು 256, ಅದರದು 65536, ಅದರದು 4294967296, ಅದರದು 18446744073709551616. ಕೊನೆಯ ಮೂರಕ್ಕೆ ಜೈನ ಗ್ರಂಥಗಳಲ್ಲಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಹೆಸರುಗಳೇ ಇವೆ. ಮನೆಯ ಮಕ್ಕಳನ್ನು ಕರೆದಷ್ಟು ಸಲೀಸಾಗಿ ಇವನ್ನು ಕರೆಯುತ್ತಿದ್ದರು ಎಂದಾಯಿತು. ಹೇಳುವ ಕ್ರಮವೂ ಗಮನಿಸುವಂಥದ್ದು. ಸಂಸ್ಕೃತದ ಜ್ಯೋತಿಷ ಗ್ರಂಥಗಳಲ್ಲಿ ಅಂಕಿಗಳ ನಡಿಗೆ ಎಡಕ್ಕೆ, ಅಂದರೆ ಬಿಡಿಸ್ಥಾನದಿಂದ ಶುರು. ಈ ಗಾಥೆ ಮಾತ್ರ ನಾವು ಇಂದು ಬರೆಯುವಂತೆ ದೊಡ್ಡ ಸ್ಥಾನದಿಂದ ಹಿಡಿದು ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ.

ಸಂಖ್ಯೆ ಹೇಳಿ ಸುಮ್ಮನಾಗಿದ್ದರೆ ಬಾಯಿಪಾಠದ ಚಮತ್ಕಾರ ಎನ್ನಬಹುದಿತ್ತು. ನೇಮಿಚಂದ್ರರು ಅದನ್ನು ಭಾಗಿಸಿಯೂ ತೋರಿಸುತ್ತಾರೆ. ಒಂದು 'ಮಧ್ಯಮ ಪದ'ಕ್ಕೆ 16348307888 ಅಕ್ಷರ ಎಂದು ಆಗಮದ ಅಳತೆ. ಒಟ್ಟು ಅಕ್ಷರಗಳನ್ನು ಇದರಿಂದ ಭಾಗಿಸಿದರೆ ಬರುವ 112 ಕೋಟಿ 83 ಲಕ್ಷ 58 ಸಾವಿರದ ಐದು ಪದಗಳು ಅಂಗಗಳೆಂಬ ಆಗಮ ಗ್ರಂಥಗಳಿಗೆ. ಪದವಾಗದೆ ಉಳಿದ 8 ಕೋಟಿ 1 ಲಕ್ಷ 8 ಸಾವಿರದ 175 ಅಕ್ಷರಗಳು ಅಂಗಬಾಹ್ಯ ಗ್ರಂಥಗಳಿಗೆ. ಕಾಗದ ಪೆನ್ನು ಹಿಡಿದು 16348307888ನ್ನು 1128358005ರಿಂದ ಗುಣಿಸಿ 80108175ನ್ನು ಕೂಡಿಸಿ ನೋಡಿ. ಇಪ್ಪತ್ತಕ್ಕೆ ಇಪ್ಪತ್ತು ಅಂಕಿಯೂ ಸರಿ. ಕ್ಯಾಲ್ಕುಲೇಟರ್ ತಂದರೆ ಪ್ರಯೋಜನವಿಲ್ಲ, ಅಂಗಡಿಯಲ್ಲಿ ಸಿಗುವ ಹನ್ನೆರಡು ಅಂಕಿಯ ಯಂತ್ರದಲ್ಲಿ ಇದು ಹಿಡಿಸದು. ಪುರುಸೊತ್ತಿಲ್ಲದವರಿಗೆ ಒಂಬತ್ತರ ತಾಳೆ ಇದೆ. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 87, ಅದನ್ನು ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಭಾಜಕದ್ದು 2, ಭಾಗಲಬ್ಧದ್ದು 6, ಗುಣಿಸಿದರೆ 12, ಅಂದರೆ 3. ಶೇಷದ್ದು 3. ಮೂರಕ್ಕೆ ಮೂರು ಕೂಡಿ ಆರು. ತಾಳೆಯಾಯಿತು. ಶೇಷ ಉಳಿಯದೆ ಗತ್ಯಂತರವೂ ಇರಲಿಲ್ಲ: ಭಾಜಕ ಸಮಸಂಖ್ಯೆ, ಭಾಜ್ಯ ಬೆಸಸಂಖ್ಯೆ.

ಈ ಗಾಥೆಗಳು ಸಾವಿರ ವರ್ಷದಿಂದ ತಾಳೆಗರಿಯಿಂದ ತಾಳೆಗರಿಗೆ ಪ್ರತಿಯಾಗುತ್ತ ಬಂದಿವೆ. 1359ರಲ್ಲಿ ಕೇಶವಣ್ಣ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿ ಬರೆದ. ಲಿಪಿಕಾರರ ಕೈಯಲ್ಲಿ ಪದ್ಯ ಕೆಡುವುದು ಸಾಮಾನ್ಯ, ಪಾಠಾಂತರಗಳ ಜಗಳಕ್ಕೆ ಕೊನೆಯೇ ಇರುವುದಿಲ್ಲ. ಈ ಗಾಥೆಯಲ್ಲಿ ಒಂದು ಅಂಕಿ ಕೆಟ್ಟಿದ್ದರೂ ಕಾಣುತ್ತಿತ್ತು, ಏಕೆಂದರೆ ಸರಿಯಾದ ಪಾಠ ಯಾವುದೆಂದು ತಿಳಿಯಲು ಹಸ್ತಪ್ರತಿಯೇ ಬೇಕಿಲ್ಲ.

ನೇಮಿಚಂದ್ರರ ಕಾಲಕ್ಕೇ, ಹೆಚ್ಚೆಂದರೆ ಎರಡು ಮೂರು ದಶಕದ ಅಂತರದಲ್ಲಿ, ಇದೇ ಇಪ್ಪತ್ತಂಕಿ ಇನ್ನೊಂದು ಪುಸ್ತಕದಲ್ಲೂ ಕಾಣಿಸಿಕೊಂಡಿತು. ಸುಮಾರು 1000ದಲ್ಲಿ ಅಲ್ ಬಿರೂನಿ ಬರೆದ ಕಾಲಗಣನೆಯ ಗ್ರಂಥದಲ್ಲಿ. ಅಲ್ಲಿ ದಾರಿ ಬೇರೆ: ಚದುರಂಗದ ಹಾಸು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆ ತುಂಬಿಸಬೇಕೆಂಬ ಕಥೆ ಎಲ್ಲರೂ ಕೇಳಿದ್ದೇ. ಕಥೆಯಲ್ಲಿ ಗೋಧಿ ಇರುತ್ತದೆ, ನಮ್ಮ ಸೀಮೆಗೆ ರಾಗಿಯೇ ಸರಿ. ಸಾವಿರ ರಾಗಿ ಕಾಳಿಗೆ ಎರಡೂವರೆ ಗ್ರಾಂ ಎಂದು ಹಿಡಿದರೆ ಹಾಸಿನ ಮೇಲೆ ಬೀಳುವುದು 4,600 ಕೋಟಿ ಟನ್. ಕರ್ನಾಟಕ ವರ್ಷಕ್ಕೆ 10 ಲಕ್ಷ ಟನ್ ರಾಗಿ ಬೆಳೆಯುತ್ತದೆ ಎಂದಿಟ್ಟುಕೊಂಡರೂ ಒಂದು ಮುದ್ದೆಯನ್ನೂ ತಿನ್ನದೆ 46,000 ವರ್ಷ ಕೂಡಿಡಬೇಕು.

ಮೂರನೆಯ ದಾರಿ ಕಾಶಿಯ ಹೆಸರು ಹೇಳಿಕೊಂಡು ಫ್ರಾನ್ಸಿನಿಂದ ಬಂತು. 1883ರಲ್ಲಿ ಎಡ್ವರ್ಡ್ ಲೂಕಾ ಎಂಬ ಗಣಿತಜ್ಞ ಒಂದು ಆಟಿಕೆ ಮಾರುಕಟ್ಟೆಗೆ ತಂದ. ಮೂರು ಕಂಬ, ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಪೇರಿಸಿದ ಬಿಲ್ಲೆಗಳು. ಒಂದೊಂದೇ ಬಿಲ್ಲೆ ಎತ್ತಿ, ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ರಾಶಿಯನ್ನೆಲ್ಲ ಬೇರೆ ಕಂಬಕ್ಕೆ ಸಾಗಿಸಬೇಕು. ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಪುರೋಹಿತರು ಹಗಲಿರುಳು ಸಾಗಿಸುತ್ತಿದ್ದಾರೆ, ಮುಗಿದ ದಿನ ಲೋಕವೂ ಮುಗಿಯುತ್ತದೆ ಎಂಬ ಕಥೆ ಅದರ ಜೊತೆಗೆ ಹುಟ್ಟಿತು. ಕಾಶಿಯವರಿಗೇ ಗೊತ್ತಿಲ್ಲದ ಕಥೆ. ಆದರೆ ಲೆಕ್ಕ ಖಚಿತ, ಸಾಗಿಸುವ ಸಲಗಳು ಸರಿಯಾಗಿ ನಮ್ಮ ಸಂಖ್ಯೆಯಷ್ಟೇ. ಸೆಕೆಂಡಿಗೊಂದು ಸಲದಂತೆ ಎತ್ತಿಟ್ಟರೂ 58,000 ಕೋಟಿ ವರ್ಷಕ್ಕೆ ಮೇಲೆ. ವಿಶ್ವಕ್ಕೆ ಈಗ 1,380 ಕೋಟಿ ವರ್ಷ, ಆತಂಕ ಬೇಡ.

ಇದುವರೆಗೆ ಹೇಳಿದ್ದೆಲ್ಲ ಸಂಖ್ಯೆಯ ಹೊರಮೈ. ಒಳಗೆ ಹೋಗಲು ಹೈಸ್ಕೂಲಿನ ಒಂದೇ ಸೂತ್ರ ಸಾಕು: ಎರಡು ವರ್ಗಗಳ ವ್ಯತ್ಯಾಸವೆಂದರೆ ಮೊತ್ತ ಗುಣಿಸು ವ್ಯತ್ಯಾಸ. 2⁶⁴ ಎಂಬುದು 2³²ರ ವರ್ಗ, 1 ಎಂಬುದು 1ರದೇ ವರ್ಗ. ಹಾಗಾಗಿ ನಮ್ಮ ಸಂಖ್ಯೆ (2³²+1) ಮತ್ತು (2³²−1)ರ ಗುಣಲಬ್ಧ. ಎರಡನೆಯ ತುಂಡು ಮತ್ತೆ ಅದೇ ರೂಪದ್ದು, ಅದನ್ನೂ ಒಡೆಯಿರಿ. ಮತ್ತೆ ಒಡೆಯಿರಿ. ಆರು ವರ್ಗ ಮಾಡಿ ಹತ್ತಿದ ಬೆಟ್ಟವನ್ನು ಆರು ಹೆಜ್ಜೆಯಲ್ಲಿ ಇಳಿದರೆ ಸಿಗುವುದು: 3 × 5 × 17 × 257 × 65537 × 4294967297. ಒಂದನ್ನು ಕಳೆಯದೆ ಬಿಟ್ಟಿದ್ದರೆ ಅದು ಬರೀ ಎರಡುಗಳ ರಾಶಿ, ಒಡೆದರೆ ಎರಡೇ. ಒಂದು ಕಳೆದದ್ದೇ ತಡ, ಎರಡು ಎಲ್ಲೂ ಇಲ್ಲ. ಅದರ ಬದಲು ಈ ಆರು.

ಈ ಆರಕ್ಕೂ ಯೂರೋಪಿನಲ್ಲಿ ಒಂದು ದೊಡ್ಡ ಚರಿತ್ರೆಯಿದೆ. 3, 5, 17, 257, 65537 ಐದೂ ಅವಿಭಾಜ್ಯ. ಹೀಗೆ ವರ್ಗ ಮಾಡುತ್ತ ಹೋಗಿ ಒಂದು ಕೂಡಿಸಿದರೆ ಯಾವಾಗಲೂ ಅವಿಭಾಜ್ಯವೇ ಬರುತ್ತದೆ ಎಂದು 1640ರಲ್ಲಿ ಫರ್ಮಾ ನಂಬಿದ್ದ. ಆರನೆಯದನ್ನು, 4294967297ನ್ನು, ಒಡೆದು ನೋಡುವ ತಾಳ್ಮೆ ಸುಮಾರು ನೂರು ವರ್ಷ ಯಾರಿಗೂ ಬರಲಿಲ್ಲ. 1732ರಲ್ಲಿ ಆಯ್ಲರ್ ಅದು 641 × 6700417 ಎಂದು ತೋರಿಸಿ ಆ ನಂಬಿಕೆಯನ್ನು ಮುಗಿಸಿದ. ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸಿ ನೋಡುವ ಕೆಲಸವಲ್ಲ ಅದು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದು 64ರ ಅಪವರ್ತ್ಯಕ್ಕೆ ಒಂದು ಕೂಡಿಸಿದ್ದೇ ಆಗಿರಬೇಕೆಂಬುದು ಅವನು ಕಂಡ ಗುಟ್ಟು. ಇಲ್ಲೂ 64! ಆ ಪಟ್ಟಿಯಲ್ಲಿ ಬರುವ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯ ಪ್ರಯತ್ನಕ್ಕೆ ಕೋಟೆ ಬಿತ್ತು.

641 ಏಕೆ ಭಾಗಿಸುತ್ತದೆ ಎಂಬುದಕ್ಕೆ ಭಾಗಾಕಾರವನ್ನೇ ಮಾಡದ ಒಂದು ಸಾಧನೆಯೂ ಇದೆ, ಕಾಫಿ ಆರುವುದರೊಳಗೆ ಮುಗಿಯುತ್ತದೆ. 641 ಎಂದರೆ 5 × 2⁷ + 1. 641 ಎಂದರೆ 5⁴ + 2⁴ ಕೂಡ (625ಕ್ಕೆ 16 ಸೇರಿಸಿ). ಮೊದಲನೆಯದರಿಂದ, 641ರ ಲೆಕ್ಕದಲ್ಲಿ 5 × 2⁷ ಎಂಬುದು −1ಕ್ಕೆ ಸಮ, ಅದರ ನಾಲ್ಕನೆಯ ಘಾತ 5⁴ × 2²⁸ ಎಂಬುದು +1ಕ್ಕೆ ಸಮ. ಎರಡನೆಯದರಿಂದ 5⁴ ಇರುವಲ್ಲಿ −2⁴ ಬರೆಯಬಹುದು. ಬರೆದರೆ −2³² ಎಂಬುದು 1ಕ್ಕೆ ಸಮ. ಅಂದರೆ 2³²+1 ಸೊನ್ನೆಗೆ ಸಮ. ಮುಗಿಯಿತು.

ಹೀಗೆ ಗೊಮ್ಮಟಸಾರದ ಸಂಖ್ಯೆಯ ಏಳು ಅವಿಭಾಜ್ಯಗಳು: 3, 5, 17, 257, 641, 65537, 6700417. ಯಾವುದೂ ಎರಡು ಸಲ ಬರುವುದಿಲ್ಲ. ಏಳರಲ್ಲಿ ಪ್ರತಿಯೊಂದೂ ಇರಬಹುದು, ಇಲ್ಲದಿರಬಹುದು, ಹಾಗಾಗಿ ಸಂಖ್ಯೆಯ ಭಾಜಕಗಳು ಒಟ್ಟು 2⁷, ಅಂದರೆ 128. ಅಕ್ಷರಗಳನ್ನು ಎಣಿಸಿದ ಇದೆ-ಇಲ್ಲದ ಲೆಕ್ಕವೇ ಭಾಜಕಗಳನ್ನೂ ಎಣಿಸುತ್ತದೆ.

ಇವುಗಳಲ್ಲಿ 3, 5, 17, 257, 65537 ಈ ಐದರ ಗುಣಲಬ್ಧ 4294967295. ಇದರ ಮಹಿಮೆ ರೇಖಾಗಣಿತದಲ್ಲಿ. 1796ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಗೌಸ್ 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ ಮತ್ತು ಕೈವಾರದಿಂದ (ಚಿಂತಾಮಣಿಯ ಕೈವಾರವಲ್ಲ, ಜಾಮಿಟ್ರಿ ಬಾಕ್ಸಿನದು) ರಚಿಸಲು ಸಾಧ್ಯವೆಂದು ತೋರಿಸಿದ. ಹೀಗೆ ರಚಿಸಬಹುದಾದ, ಬಾಹುಗಳ ಸಂಖ್ಯೆ ಬೆಸವಾಗಿರುವ ಬಹುಭುಜಗಳು ಇಂದಿಗೂ ನಮಗೆ ಗೊತ್ತಿರುವುದು 31 ಮಾತ್ರ. ಅವು 4294967295ರ ಭಾಜಕಗಳು, 1ನ್ನು ಬಿಟ್ಟು. ಕೊನೆಯದಕ್ಕೆ ಬಾಹುಗಳೇ 429 ಕೋಟಿ, ಬರೆದರೆ ವೃತ್ತವಲ್ಲವೆಂದು ಯಾರೂ ಹೇಳಲಾರರು.

ಅಕ್ಕಪಕ್ಕದ ಸಂಖ್ಯೆಗಳು ಇಷ್ಟು ಸಾಧು ಅಲ್ಲ. ಎರಡು ಹೆಜ್ಜೆ ಮುಂದಿರುವ 18446744073709551617ನ್ನು ಒಡೆದು 274177 × 67280421310721 ಎಂದು ಫಾರ್ಚುನೆ ಲಾಂಡ್ರಿ 1880ರಲ್ಲಿ ಪ್ರಕಟಿಸಿದಾಗ ಅವನಿಗೆ ಎಂಬತ್ತು ದಾಟಿತ್ತು. 58 ಹೆಜ್ಜೆ ಹಿಂದೆ ಸರಿದರೆ ಸಿಗುವ 18446744073709551557 ಒಡೆಯುವುದೇ ಇಲ್ಲ. ಅದು ಅವಿಭಾಜ್ಯ. ಸಂಖ್ಯೆ ದೊಡ್ಡದಾದಷ್ಟೂ ಕಷ್ಟವೆಂಬ ನಮ್ಮ ಭಯಕ್ಕೆ ಆಧಾರ ಕಡಿಮೆ. ಹುಟ್ಟಿನ ನಿಯಮ ಗೊತ್ತಿದ್ದರೆ ಇಪ್ಪತ್ತಂಕಿಯೂ ಸಲೀಸು, ಗೊತ್ತಿಲ್ಲದಿದ್ದರೆ ಎಂಟಂಕಿಯೂ ತಲೆನೋವು.

ಇಂದು ಈ ಸಂಖ್ಯೆ ನಮ್ಮ ನಿಮ್ಮ ಜೇಬಿನಲ್ಲೇ ಇದೆ. 64 ಬಿಟ್‌ನ ಮೊಬೈಲಿನಲ್ಲಿ ಒಂದು ಕೋಶಕ್ಕೆ 64 ತಾಣ, ಒಂದೊಂದರಲ್ಲೂ 0 ಇಲ್ಲವೇ 1. ಅರವತ್ತನಾಲ್ಕರಲ್ಲೂ 1 ತುಂಬಿದರೆ ಬರುವುದು ನೇಮಿಚಂದ್ರರ ಸಂಖ್ಯೆ, ಆ ಕೋಶ ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಾಂಕ. ಅದಕ್ಕೆ ಒಂದು ಕೂಡಿಸಿದರೆ ಯಂತ್ರದ ಉತ್ತರ ಸೊನ್ನೆ. ಮೊದಲೆಲ್ಲ 32 ತಾಣಗಳೇ ಸಾಕೆನ್ನುತ್ತಿದ್ದರು. 2014ರಲ್ಲಿ ಯೂಟ್ಯೂಬಿನಲ್ಲಿ ಕೊರಿಯಾದ 'ಗಂಗ್ನಮ್ ಸ್ಟೈಲ್' ಹಾಡನ್ನು ನೋಡಿದ ಸಲಗಳ ಎಣಿಕೆ 2147483647 ದಾಟಲು ಹೊರಟಾಗ ಲೆಕ್ಕದ ಪೆಟ್ಟಿಗೆಯನ್ನು 64ಕ್ಕೆ ಹಿಗ್ಗಿಸಬೇಕಾಯಿತು. ತಾಣಗಳನ್ನು ಹೆಚ್ಚಿಸುತ್ತ ಹೋದರೆ ಏನಾಗುತ್ತದೆ ಎಂದು ಕಣ್ಣಾರೆ ಕಾಣಬೇಕಿದ್ದರೆ ಗೌರಿಬಿದನೂರಿಗೆ ಹೋಗಿ. 1970ರ ದಶಕದಲ್ಲಿ ಅಲ್ಲಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ, ಪೂರ್ವ-ಪಶ್ಚಿಮದ ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360, ಒಟ್ಟು 1,000 ಡೈಪೋಲ್ ಆಂಟೆನಾಗಳು. ಇವುಗಳಲ್ಲಿ ಯಾವುದು ಚಾಲೂ, ಯಾವುದು ಬಂದ್ ಎಂಬುದರ ಸಾಧ್ಯತೆಗಳನ್ನು ಎಣಿಸಿದರೆ ಬರುವ ಸಂಖ್ಯೆಗೆ 302 ಅಂಕಿ. ಬಯಲಿನಲ್ಲಿ ನಿಂತ ಕಂಬ-ತಂತಿಗಳಿಗೇ ಇಷ್ಟು.

64 ಅಕ್ಷರ ಎಂದೊಡನೆ ಈ ಸೀಮೆಯವರಿಗೆ ನೆನಪಾಗುವ ಇನ್ನೊಂದು ಪುಸ್ತಕವಿದೆ, 'ಸಿರಿಭೂವಲಯ'. ಅದನ್ನು ರಚಿಸಿದ ಕುಮುದೇಂದು ಮುನಿಯ ಊರು ನಂದಿಬೆಟ್ಟದ ಹತ್ತಿರದ ಯಲವಳ್ಳಿ ಎಂದು ಅದನ್ನು ಬೆಳಕಿಗೆ ತಂದವರು ಹೇಳಿದರು. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅದರ ಭಾಗ ಅಚ್ಚಾಯಿತು. ಲಿಪಿಯೇ ಇಲ್ಲದ ಪುಸ್ತಕ. 27 ಸಾಲು, 27 ಕಂಬದ ಚೌಕಗಳು, ಒಂದೊಂದರಲ್ಲಿ 729 ಮನೆ, ಮನೆಯೊಳಗೆ 1ರಿಂದ 64ರವರೆಗಿನ ಅಂಕಿ. ಅಂಕಿಗೊಂದು ಅಕ್ಷರ ಹಚ್ಚಿ, ಗೊತ್ತಾದ ಬಂಧದ ದಾರಿಯಲ್ಲಿ ಓದಿದರೆ ಸಾಂಗತ್ಯದ ಕನ್ನಡ ಪದ್ಯ ಹೊರಡುತ್ತದೆ. ಇಷ್ಟು ನಿಜಕ್ಕೂ ಬೆರಗಿನದು. ಆದರೆ ಇದರಲ್ಲಿ 718 ಭಾಷೆಗಳಿವೆ, ಎಲ್ಲ ಶಾಸ್ತ್ರಗಳೂ ಅಡಗಿವೆ, ರಚನೆಯ ಕಾಲ ಒಂಬತ್ತನೆಯ ಶತಮಾನ ಎಂಬ ಮಾತುಗಳೂ ಜೊತೆಗೇ ಬೆಳೆದವು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಭಾಷೆ ಬಹಳ ಈಚಿನದೆಂದು ಹೇಳುವವರೂ ಇದ್ದಾರೆ.

ನನ್ನ ತಕರಾರು ಗಣಿತದ್ದು. ಒಂದು ಚೌಕವನ್ನು 1ರಿಂದ 64ರ ಅಂಕಿಗಳಿಂದ ತುಂಬುವ ಬಗೆಗಳನ್ನು ಎಣಿಸಿದರೆ 1,317 ಅಂಕಿಯ ಸಂಖ್ಯೆ ಬರುತ್ತದೆ. ಓದುವ ದಾರಿಯನ್ನೂ ಓದುಗನೇ ಆರಿಸಬಹುದು ಎಂದರೆ ಸಾಧ್ಯತೆಗಳು ಇನ್ನೂ ಹಿಗ್ಗುತ್ತವೆ. ಅಷ್ಟು ವಿಶಾಲವಾದ ಬಯಲಿನಲ್ಲಿ ಹುಡುಕಲು ಹೊರಟವನಿಗೆ ಒಂದಲ್ಲ ಒಂದು ಪದ, ಒಂದಲ್ಲ ಒಂದು ಭಾಷೆ ಸಿಕ್ಕೇ ಸಿಗುತ್ತದೆ. ಮೊದಲು ನಿಯಮ ಹೇಳಿ, ಆಮೇಲೆ ಓದಿ, ಬಂದದ್ದನ್ನು ಬೇರೊಬ್ಬರು ತಾವೇ ಓದಿ ತಾಳೆ ನೋಡುವಂತಿದ್ದರೆ ಮಾತ್ರ ಅದು ಲೆಕ್ಕ. ಗೊಮ್ಮಟಸಾರದ ಭಾಗಾಕಾರ ಹಾಗಿದೆ. ಸಿರಿಭೂವಲಯದ ಕನ್ನಡ ಪದ್ಯಗಳೂ ಬಹುಮಟ್ಟಿಗೆ ಹಾಗಿವೆ. 718 ಭಾಷೆಗಳ ಮಾತು ಹಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದರು. ಪವಾಡಕ್ಕೆ ಹಾಕಿದ ಪ್ರಶ್ನೆಯನ್ನು ಹಸ್ತಪ್ರತಿಗೂ ಹಾಕಬಹುದು. ಅದರಿಂದ ಪುಸ್ತಕಕ್ಕೆ ಅವಮಾನವೇನಿಲ್ಲ.

ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ ಎಂದೆನಲ್ಲ, ಅದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. 1972ರಿಂದ ಪ್ರತಿ ಊರಿಗೂ ಆರಂಕಿಯ ಪಿನ್‌ಕೋಡ್ ಇದೆ. ಅದಕ್ಕೂ ನಮ್ಮ ಇಪ್ಪತ್ತಂಕಿಗೂ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಂಡುಹಿಡಿಯಿರಿ. ಉದ್ದ ಭಾಗಾಕಾರ ಬೇಡ, ಏಳು ಅವಿಭಾಜ್ಯಗಳಲ್ಲಿ ಯಾವುದು ಪಿನ್‌ಕೋಡನ್ನು ಭಾಗಿಸುತ್ತದೆ ಎಂದು ನೋಡಿದರಾಯಿತು. ಏಳನೆಯದು ಏಳಂಕಿಯದು, ಅದನ್ನು ಮೊದಲೇ ಬಿಡಬಹುದು. ಚಿಕ್ಕಬಳ್ಳಾಪುರ 562101, ಒಡೆದರೆ 3 × 187367, ಮ.ಸಾ.ಅ. 3. ಚಿಂತಾಮಣಿ 563125, ಒಡೆದರೆ 5⁴ × 17 × 53, ಮ.ಸಾ.ಅ. 85. ರೇಷ್ಮೆಗೂಡಿನ ಸಂತೆಯ ಶಿಡ್ಲಘಟ್ಟ 562105, ಒಡೆದರೆ 5 × 17² × 389, ಅಲ್ಲೂ 85! ಗೌರಿಬಿದನೂರು 561208, ಒಡೆದರೆ 2³ × 29 × 41 × 59. ನಮ್ಮ ಸಂಖ್ಯೆಯ ಒಂದು ಅವಿಭಾಜ್ಯವೂ ಇಲ್ಲ, ಮ.ಸಾ.ಅ. 1.

ಚಿಂತಾಮಣಿ, ಶಿಡ್ಲಘಟ್ಟಗಳಿಗೆ ಗೊಮ್ಮಟಸಾರದ ಜೊತೆ ಏನೋ ಗುಪ್ತ ನಂಟಿದೆ ಎಂದು ಇಲ್ಲಿಂದ ಒಂದು ಪುಸ್ತಕವನ್ನೇ ಬರೆಯಬಹುದು, ಕೊಳ್ಳುವವರೂ ಸಿಗುತ್ತಾರೆ. ಬರೆಯುವ ಮೊದಲು ಈ ಲೆಕ್ಕ ನೋಡಿ. ಯಾವುದೋ ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ಅದನ್ನು 3 ಭಾಗಿಸದಿರುವ ಪಾಲು 2/3. 5 ಭಾಗಿಸದಿರುವ ಪಾಲು 4/5. ಹಾಗೆಯೇ 16/17, 256/257, 65536/65537. ಐದನ್ನೂ ಗುಣಿಸಿ. ಮೇಲೆ ಬರೀ ಎರಡುಗಳು, ಒಟ್ಟು 2³¹. ಕೆಳಗೆ 2³²−1. ಬಂದದ್ದು ಅರ್ಧ, ಕೂದಲೆಳೆಯಷ್ಟು ಹೆಚ್ಚು. 641 ಮತ್ತು ಅದರ ಜೊತೆಗಾರನನ್ನೂ ಸೇರಿಸಿಕೊಂಡರೆ ಅರ್ಧಕ್ಕೆ ಕೂದಲೆಳೆ ಕಡಿಮೆ. ಅಂದರೆ ನಮ್ಮ ಸಂಖ್ಯೆಯೊಂದಿಗೆ ಏನನ್ನೂ ಹಂಚಿಕೊಳ್ಳದ ಸಂಖ್ಯೆಗಳು ನೂರಕ್ಕೆ ಐವತ್ತರ ಆಸುಪಾಸು. ಚಿಕ್ಕಬಳ್ಳಾಪುರ ಜಿಲ್ಲೆಯ ಹಳೆಯ ಆರು ತಾಲ್ಲೂಕು ಕೇಂದ್ರಗಳನ್ನು ತೆಗೆದುಕೊಂಡರೆ ಸುಮಾರು ಮೂರು ಊರು ಗೌರಿಬಿದನೂರಿನಂತೆ 1 ಪಡೆಯಬೇಕು. ಉಳಿದಿದ್ದು ಬಾಗೇಪಲ್ಲಿ, ಗುಡಿಬಂಡೆ. ಬಾಗೇಪಲ್ಲಿಯ 561207ರ ಅಂಕಿಗಳ ಮೊತ್ತ 21, ಅದನ್ನು 3 ಭಾಗಿಸುತ್ತದೆ, ಮ.ಸಾ.ಅ. 3. ಗುಡಿಬಂಡೆಯ 561209ನ್ನು ಏಳರಲ್ಲಿ ಯಾವುದೂ ಭಾಗಿಸದು. ಮೂರರ ಬದಲು ಎರಡು ಊರು.